ಶಿರಸಿಯಿಂದ ಕಾರವಾರಕ್ಕೆ, ಬೋರ್ಡ್ ಓದುವ ತಾಪತ್ರಯವಿಲ್ಲದೆ

ಅಕ್ಕನ ಮಗಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹಕ್ಕೆ ತೊಡಕಾಗುವ ಕಲಿಕೆಯ ತೊಂದರೆ ಇದೆ. ಡಿಗ್ರಿ ಓದುತ್ತಿದ್ದಾಳೆ, ಬುದ್ಧಿ ನನಗಿಂತ ಜಾಸ್ತಿ. ಗಡಿಬಿಡಿಯಲ್ಲಿ ಓದುವುದು ಮಾತ್ರ ಕಷ್ಟ. ಬಸ್ಸು, ರೈಲು ಅಂದರೆ ಗಡಿಬಿಡಿಯೇ ಅಲ್ವಾ? ಅವಳ ಜೊತೆ ಕುಮಟಾವರೆಗೆ ಬಸ್ಸಿನಲ್ಲಿ, ಅಲ್ಲಿಂದ ಕಾರವಾರಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬಂದೆ.

ಬಸ್ಸಿನದು ಸುಲಭ. ವೇಳಾಪಟ್ಟಿ ಮುಂದೆ ನಿಲ್ಲಿಸಿ ಓದಿಸಬೇಡಿ, ಕಂಟ್ರೋಲರ್ ಹತ್ತಿರ ಕೇಳಿ. ಮಳೆಗಾಲವಾದರೆ ದೇವಿಮನೆ ಘಟ್ಟದ ರಸ್ತೆ ತೆರೆದಿದೆಯಾ ಅಂತಲೂ ವಿಚಾರಿಸಿ.

ರೈಲಿಗೆ ತಯಾರಿ ಬೇಕು. ಕಾರವಾರಕ್ಕಿಂತ ಮುಂಚಿನ ಸ್ಟೇಷನ್ ಹಾರವಾಡ. ಎರಡೂ ಹೆಸರು ಪಕ್ಕಪಕ್ಕ ಬರೆದು ನೋಡಿ: ಹಾರವಾಡ, ಕಾರವಾರ. ಕಿಟಕಿಯಲ್ಲಿ ಬೋರ್ಡ್ ಸರ್ರನೆ ಹೋಗುವಾಗ ನಮಗೇ ತಪ್ಪಬಹುದು. "ಮಾವ, ಬೋರ್ಡ್ ಬಿಡು, ದಾರಿಯಲ್ಲಿ ಏನೇನು ಸಿಗುತ್ತೆ ಹೇಳು" ಅಂದಳು. ಹಾಗೇ ಮಾಡಿದೆವು. ಕುಮಟಾ ಬಿಟ್ಟ ಮೇಲೆ ಅಘನಾಶಿನಿ ಹೊಳೆ, ಗೋಕರ್ಣ ರೋಡ್, ಗಂಗಾವಳಿ ಹೊಳೆ, ಅಂಕೋಲಾ, ಹಾರವಾಡ. ಆಮೇಲೆ ಸುಮಾರು 3 ಕಿ.ಮೀ. ಉದ್ದದ ಸುರಂಗ. ಕತ್ತಲೆ ಮುಗಿಯುತ್ತಿದ್ದಂತೆ ಬ್ಯಾಗ್ ತಗೊಂಡು ಎದ್ದರಾಯಿತು. ಇದನ್ನು ಒಂದು ದಪ್ಪ ಹಾಳೆಯಲ್ಲಿ ಚಿತ್ರ ಬರೆದು, ಸಾಲಿಗೆ ಒಂದೇ ಹೆಸರು ದೊಡ್ಡದಾಗಿ, ನಡುವೆ ಸಾಕಷ್ಟು ಜಾಗ ಬಿಟ್ಟು ಬರೆಯಿರಿ. ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು.

17.30 ಅಂತ ಬರೆಯುವ ಬದಲು ಸಂಜೆ ಐದೂವರೆ ಅನ್ನಿ. ರೈಲು ಎಲ್ಲಿದೆ ಅಂತ 139ಕ್ಕೆ ಫೋನ್ ಮಾಡಿ ಕೇಳಬಹುದು. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಬರುವವರು ಗಮನಿಸಿ: ಬರುವುದು 16595, ವಾಪಸ್ 16596. ಇಂಥ ನಂಬರ್ ಕೊಟ್ಟವರಿಗೆ ಏನು ಹೇಳೋಣ! ಕೊನೆಯ ಅಂಕಿಗೆ ಮಾತ್ರ ಬಣ್ಣ ಹಚ್ಚಿಡಿ.

ಜನರನ್ನು ಕೇಳಲು ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಗಳೂ ಸೇರಿವೆ. ಸುಮ್ನೆ "ಓದೋದು ಕಷ್ಟ, ಹೇಳ್ತೀರಾ?" ಅಂದರೆ ಸಾಕು, ಹೆಚ್ಚಿನವರು ಹೇಳುತ್ತಾರೆ.

ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ, ಊರಿನಿಂದ ಸ್ವಲ್ಪ ದೂರ. ರಿಕ್ಷಾದವರಿಗೆ "ಠಾಗೋರ್ ಬೀಚ್, ಯುದ್ಧನೌಕೆ ಹತ್ತಿರ" ಅನ್ನಿ. ಐಎನ್‌ಎಸ್ ಚಪಲ್ ಅಲ್ಲೇ ಇದೆ, ದೂರದಿಂದಲೇ ಕಾಣುತ್ತದೆ. ಬಸ್ ನಿಲ್ದಾಣವೂ ಬೀಚಿನಿಂದ ನಡೆದು ಹೋಗುವಷ್ಟೇ ದೂರ, ವಾಪಸ್ ಬರಲು ನಾವು ಬಸ್ಸನ್ನೇ ಹಿಡಿದೆವು.