ಪ್ಲಾಸ್ಮಾ ಟಿವಿ ಪಕ್ಕ ಹೊಸ ಓಎಲ್‌ಇಡಿ ಇಟ್ಟು ನೋಡಿದ ರಾತ್ರಿ

ಶನಿವಾರ ಸಂಜೆ ಟಿವಿ ಆನ್ ಮಾಡಿದ್ರೆ ಒಳಗಡೆ ಟಕ್ ಅಂತ ಸೌಂಡ್ ಬಂತು, ಎರಡು ಸೆಕೆಂಡ್ ಬಿಟ್ಟು ಮತ್ತೆ ಟಕ್, ಆಫ್. ಕೆಳಗಿನ ಕೆಂಪು ಲೈಟ್ ಒಂದೇ ಮಿಣುಕ್ತಾ ಇತ್ತು. ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ, ಅದೇ ಕಥೆ. 2012ರಲ್ಲಿ ತಗೊಂಡಿದ್ದ 50 ಇಂಚಿನ ಪ್ಲಾಸ್ಮಾ ಅದು, ಗ್ಯಾಸ್ ತುಂಬಿದ ಪುಟ್ಟ ಗೂಡುಗಳು ಹೊಳೆದು ಚಿತ್ರ ತೋರಿಸೋ ಹಳೇ ಥರದ ಟಿವಿ, ಅಷ್ಟು ವರ್ಷದಲ್ಲಿ ಒಂದು ದಿನಾನೂ ಕೈಕೊಟ್ಟಿರಲಿಲ್ಲ, ಅದಕ್ಕೇ ಆ ಸೌಂಡ್ ಕೇಳಿದ ತಕ್ಷಣ ಎದೆ ಧಸಕ್ ಅಂತು.

ತಮ್ಮ ಪಕ್ಕದಲ್ಲೇ ನಿಂತಿದ್ದ. "ಅಣ್ಣಾ, ಇನ್ನು ಬಿಟ್ಬಿಡು, ಪ್ಲಾಸ್ಮಾ ಮಾಡೋದೇ ನಿಲ್ಲಿಸಿ ಎಷ್ಟು ವರ್ಷ ಆಯ್ತು, ಪಾರ್ಟ್ಸ್ ಎಲ್ಲಿಂದ ತರ್ತೀಯ" ಅಂದ. ಅವನು ಹೇಳೋದು ಸರಿನೇ. ಅವತ್ತು ರಾತ್ರೀನೇ ಇಬ್ಬರೂ ಕೂತು 55 ಇಂಚಿನ ಓಎಲ್‌ಇಡಿ ಒಂದನ್ನ, ಅಂದ್ರೆ ಒಂದೊಂದು ಚುಕ್ಕಿನೂ ತಾನೇ ಬೆಳಗೋ ಹೊಸ ಥರದ ಟಿವಿನ, ಆರ್ಡರ್ ಮಾಡಿದ್ವಿ. ಆದ್ರೂ ನನಗೆ ಮನಸ್ಸು ಒಪ್ಪಲಿಲ್ಲ, ಬೆಳಿಗ್ಗೆ ಎದ್ದು ಪರಿಚಯದ ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ, ವಯಸ್ಸಾದೋರು, ಪಿಕ್ಚರ್ ಟ್ಯೂಬ್ ಕಾಲದಿಂದ ರಿಪೇರಿ ಮಾಡ್ಕೊಂಡು ಬಂದಿರೋರು. ಅವರು ಬಂದು ಹಿಂದಿನ ಕವರ್ ಬಿಚ್ಚಿ, ಅದರ ಸ್ಕ್ರೂಗಳೇ ಒಂದು ಬಟ್ಟಲು ತುಂಬಿತ್ತು, ಮೀಟರ್ ಹಿಡಿದು ಒಂದೊಂದೇ ನೋಡ್ತಾ ಹೋಗಿ "ಪ್ಯಾನೆಲ್ ಗಟ್ಟಿಮುಟ್ಟಾಗಿದೆ ಸಾರ್, ಪ್ಯಾನೆಲ್‌ಗೆ ಕರೆಂಟ್ ಕೊಡೋ ಸಸ್ಟೇನ್ ಬೋರ್ಡ್ ಹೋಗಿದೆ ಅಷ್ಟೇ. ಗ್ಲಾಸ್ ಒಡೆದು ಬಂದಿರೋ ಸೆಟ್‌ಗಳಲ್ಲಿ ಇದು ಚೆನ್ನಾಗೇ ಇರುತ್ತೆ, ಹುಡುಕ್ತೀನಿ" ಅಂದ್ರು. ಪ್ಲಾಸ್ಮಾದಲ್ಲಿ ಗ್ಲಾಸ್ ಒಡೆದ್ರೆ ಟಿವಿ ಮುಗೀತು, ಬೋರ್ಡ್ ಹೋದ್ರೆ ಇನ್ನೊಂದು ಸತ್ತ ಟಿವಿಯಿಂದ ಜೀವ ಬರುತ್ತೆ.

ಐದು ದಿನ ಬೇಕಾಯ್ತು. ಆ ಐದು ದಿನ ನಾನು ಬರೀ ಇದರ ಬಗ್ಗೆನೇ ಓದ್ಕೊಂಡು ಕೂತಿದ್ದೆ. ಪ್ಲಾಸ್ಮಾ ಹುಟ್ಟಿದ್ದು ಸಿನಿಮಾ ನೋಡೋದಕ್ಕಲ್ಲ ಅನ್ನೋದು ನನಗೆ ಹೊಸ ವಿಷಯ. 1964ರಲ್ಲಿ ಅಮೆರಿಕಾದ ಇಲಿನಾಯ್ ಯೂನಿವರ್ಸಿಟೀಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ, ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಸೇರಿ ಪ್ಲೇಟೋ ಅನ್ನೋ ಕಲಿಕೆಯ ಕಂಪ್ಯೂಟರ್‌ಗೆ ಸ್ಕ್ರೀನ್ ಬೇಕು ಅಂತ ಮಾಡಿದ್ದು. ಆಗ ಕಂಪ್ಯೂಟರ್ ಮೆಮೊರಿ ಭಾರೀ ದುಬಾರಿ, ಈ ಗ್ಯಾಸ್ ಸ್ಕ್ರೀನ್‌ನಲ್ಲಿ ಒಂದ್ಸಲ ಹೊತ್ತಿಸಿದ ಚುಕ್ಕಿ ಹಾಗೇ ಉರೀತಾ ಇರುತ್ತೆ, ಚಿತ್ರಾನ ನೆನಪಿಟ್ಕೊಳ್ಳೋಕೆ ಬೇರೆ ಮೆಮೊರಿ ಬೇಡ. ಬಣ್ಣ ಬರೀ ಕಿತ್ತಳೆ, ನಿಯಾನ್ ಬಣ್ಣ. ಕಲರ್ ಟಿವಿ ಅಂತ ಆಗೋಕೆ 1990ರ ದಶಕ ಬರಬೇಕಾಯ್ತು, ಜಪಾನಿನ ಫ್ಯೂಜಿತ್ಸು ಕಂಪನಿ 1992ರಲ್ಲಿ 21 ಇಂಚಿಂದು ಮಾಡಿ, ಆಮೇಲೆ 42 ಇಂಚಿಗೆ ಬಂತು. ಗೋಡೆಗೆ ನೇತುಹಾಕೋ ಟಿವಿ ಅಂತ ಜನ ಬಾಯಿಬಿಟ್ಕೊಂಡು ನೋಡಿದ್ದು ಅದನ್ನೇ.

ಗುರುವಾರ ಸಂಜೆ ಮೆಕ್ಯಾನಿಕ್ ಬೋರ್ಡ್ ತಂದ್ರು, ಅದೇ ದಿನ ಮಧ್ಯಾಹ್ನ ಓಎಲ್‌ಇಡಿನೂ ಬಂದಿತ್ತು. ಬೋರ್ಡ್ ಹಾಕಿ ಆನ್ ಮಾಡಿದಾಗ ಮೊದಲು ಆ ಸಣ್ಣ ಜುಂಯ್ ಶಬ್ದ ಬಂತು, ಆಮೇಲೆ ಚಿತ್ರ ಬಂತು, ನಾನು ಮೆಕ್ಯಾನಿಕ್ ಕೈ ಹಿಡ್ಕೊಂಡ್ಬಿಟ್ಟೆ. ತಮ್ಮನೂ ಖುಷಿಯಾಗಿ ತನ್ನ ರೂಮಿಂದ ಎಲ್‌ಇಡಿ ಟಿವಿನೂ ಎತ್ಕೊಂಡು ಬಂದ, ಮೂರನ್ನೂ ಸಾಲಾಗಿ ಇಟ್ಟು ಲೈಟ್ ಆಫ್ ಮಾಡಿ ಒಂದೇ ವೀಡಿಯೋ ಹಾಕಿ ಕೂತ್ವಿ. (ಎಲ್‌ಇಡಿ ಟಿವಿ ಅಂದ್ರೂ ಅದು ಎಲ್‌ಸಿಡಿನೇ, ಅಂದ್ರೆ ಲಿಕ್ವಿಡ್ ಕ್ರಿಸ್ಟಲ್ ಸ್ಕ್ರೀನೇ, ಹಿಂದೆ ಇದ್ದ ಟ್ಯೂಬ್‌ಲೈಟ್ ತರದ ದೀಪದ ಬದಲು ಎಲ್‌ಇಡಿ ಹಾಕಿದ್ದಾರೆ, ಆ ಹೆಸರಿಂದ ಎಷ್ಟೋ ಜನ ಅದು ಬೇರೇನೇ ಟೆಕ್ನಾಲಜಿ ಅಂತ ಇವತ್ತಿಗೂ ನಂಬಿದಾರೆ.)

ಮೊದಲು ರಾತ್ರಿ ಆಕಾಶದ ಸೀನ್. ಎಲ್‌ಇಡಿಯಲ್ಲಿ ಕಪ್ಪು ಅನ್ನೋದೇ ಇಲ್ಲ, ಬೂದಿ ಬಣ್ಣ, ಮೂಲೆಗಳಲ್ಲಿ ಬೆಳಕು ಸೋರ್ತಾ ಇದೆ, ಸ್ವಲ್ಪ ಪಕ್ಕಕ್ಕೆ ಹೋಗಿ ಕೂತ್ರೆ ಇನ್ನೂ ಬಿಳಚಿಕೊಳ್ಳುತ್ತೆ. ಯಾಕಂದ್ರೆ ಅಲ್ಲಿ ಹಿಂದಿನ ದೀಪ ಉರೀತಾನೇ ಇರುತ್ತೆ, ಮುಂದಿನ ಲಿಕ್ವಿಡ್ ಕ್ರಿಸ್ಟಲ್ ಅದನ್ನ ತಡೀಬೇಕು, ಪೂರ್ತಿ ತಡಿಯೋಕೆ ಅದರ ಕೈಲಿ ಆಗಲ್ಲ. ಪ್ಲಾಸ್ಮಾದಲ್ಲಿ ಹಿಂದೆ ದೀಪಾನೇ ಇಲ್ಲ. ಒಂದೊಂದು ಚುಕ್ಕೀಲೂ ಕೆಂಪು, ಹಸಿರು, ನೀಲಿ ಅಂತ ಮೂರು ಪುಟ್ಟ ಗೂಡು, ಒಳಗೆ ನಿಯಾನ್, ಕ್ಸೆನಾನ್ ಗ್ಯಾಸ್, ಕರೆಂಟ್ ಹಾಯಿಸಿದ್ರೆ ಅತಿನೇರಳೆ ಕಿರಣ ಬಂದು ಗೋಡೆಗೆ ಬಳಿದಿರೋ ಫಾಸ್ಫರ್ ಅನ್ನೋ ಪುಡಿ ಹೊಳೆಯುತ್ತೆ, ಹೆಚ್ಚು ಕಮ್ಮಿ ಟ್ಯೂಬ್‌ಲೈಟ್ ಕೆಲಸ ಮಾಡೋ ಥರಾನೇ. ಆಕಾಶ ಆಳವಾಗಿ ಕಂಡಿತು, ಎಲ್ಲಿ ಕೂತ್ರೂ ಒಂದೇ ಥರ. ಆದ್ರೆ ಓಎಲ್‌ಇಡಿ ಪಕ್ಕ ನೋಡಿದಾಗ ನನ್ನ ಪ್ಲಾಸ್ಮಾದ ಕಪ್ಪಲ್ಲೂ ಒಂದು ಮಸುಕು ಹೊಳಪು ಇರೋದು ಮೊದಲನೇ ಸಲ ಕಣ್ಣಿಗೆ ಬಿತ್ತು. ಗೂಡುಗಳು ಬೇಗ ಹೊತ್ಕೊಳ್ಳೋಕೆ ರೆಡಿಯಾಗಿರಲಿ ಅಂತ ಕಪ್ಪು ತೋರಿಸುವಾಗಲೂ ಒಳಗೆ ಸಣ್ಣ ಡಿಸ್ಚಾರ್ಜ್, ಅಂದ್ರೆ ಗ್ಯಾಸಲ್ಲಿ ಸಣ್ಣಗೆ ಕರೆಂಟ್ ಹಾಯೋದು, ಆಗ್ತಾ ಇರುತ್ತೆ, ಆ ಹೊಳಪು ಅದು. ಇದನ್ನ ಕಮ್ಮಿ ಮಾಡೋದಕ್ಕೇ ಜಪಾನಿನ ಪಯೋನಿಯರ್ ಕಂಪನಿಯೋರು ಜೀವ ತೇದು 'ಕುರೋ' ಅಂತ ಸೀರೀಸ್ ತಂದಿದ್ದು, ಜಪಾನಿ ಭಾಷೇಲಿ ಕುರೋ ಅಂದ್ರೆ ಕಪ್ಪು. ಓಎಲ್‌ಇಡಿ ಚುಕ್ಕಿ ಆಫ್ ಅಂದ್ರೆ ಪೂರ್ತಿ ಆಫ್, ಕತ್ತಲೆ ರೂಮಲ್ಲಿ ಟಿವಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಕಪ್ಪಿನ ವಿಷಯದಲ್ಲಿ ಹೊಸದೇ ಗೆದ್ದಿತು, ಒಪ್ಕೋತೀನಿ.

ಆಮೇಲೆ ಮ್ಯಾಚ್ ಹಾಕಿದ್ವಿ. ಇಲ್ಲಿ ನಾನು ಕುರ್ಚಿಯಿಂದ ಎದ್ದು ಹತ್ತಿರ ಹೋಗಿ ನಿಂತೆ. ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ಎಲ್‌ಇಡಿಯಲ್ಲಿ ಹುಲ್ಲು ಹಸಿರು ಬಣ್ಣ ಬಳಿದ ಹಾಗೆ ಕಲಸಿಹೋಗುತ್ತೆ, ಓಎಲ್‌ಇಡಿಯಲ್ಲಿ ಅಷ್ಟಿಲ್ಲ ಆದ್ರೂ ಅಂಚುಗಳು ಮೆತ್ತಗಾಗುತ್ತೆ, ಪ್ಲಾಸ್ಮಾದಲ್ಲಿ ಹುಲ್ಲು ಹುಲ್ಲಾಗೇ ಇರುತ್ತೆ, ಆಟಗಾರನ ಬೆನ್ನ ಮೇಲಿನ ನಂಬರ್ ಓಡುವಾಗಲೂ ಓದಬಹುದು. ತಮ್ಮನಿಗೂ ಕಾಣಿಸ್ತು, "ಇದು ಹೆಂಗೆ, ಇಷ್ಟು ಹಳೇದು" ಅಂದ. ಎಲ್‌ಸಿಡಿ ಆಗಲಿ ಓಎಲ್‌ಇಡಿ ಆಗಲಿ ಒಂದು ಫ್ರೇಮ್ ತೋರಿಸಿದ್ರೆ ಮುಂದಿನ ಫ್ರೇಮ್ ಬರೋವರೆಗೂ ಅದನ್ನ ಹಾಗೇ ಹಿಡ್ಕೊಂಡಿರುತ್ತೆ, ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಸುಮಾರು 16 ಮಿಲಿಸೆಕೆಂಡ್, ನಮ್ಮ ಕಣ್ಣು ಮಾತ್ರ ಚೆಂಡಿನ ಜೊತೆ ಜಾರ್ತಾ ಇರುತ್ತೆ, ಹಾಗಾಗಿ ನಿಂತ ಚಿತ್ರ ಕಣ್ಣಲ್ಲೇ ಉಜ್ಜಿದ ಹಾಗೆ ಆಗುತ್ತೆ. ಪ್ಲಾಸ್ಮಾ ಹಿಡ್ಕೊಳ್ಳಲ್ಲ, ಒಂದೇ ಫ್ರೇಮ್ ಒಳಗೆ ಎಷ್ಟೋ ಸಲ ಮಿಂಚಿ ಆರುತ್ತೆ. 60 ಫ್ರೇಮಿಗೆ ಹತ್ತತ್ತು ಸಲ ಅಂತ ಲೆಕ್ಕ ಹಾಕಿನೇ ಆಗ 600 ಹರ್ಟ್ಸ್ ಅಂತ ಸ್ಟಿಕರ್ ಅಂಟಿಸ್ತಾ ಇದ್ದಿದ್ದು.

ಆದ್ರೆ ಹಿಮದ ಬೆಟ್ಟದ ವೀಡಿಯೋ ಬಂದಾಗ ಪ್ಲಾಸ್ಮಾ ಮುಖ ಬಾಡಿಹೋಯ್ತು. ಇಡೀ ಸ್ಕ್ರೀನ್ ಬಿಳಿ ಆದ್ರೆ ಅಷ್ಟೂ ಗೂಡುಗಳಿಗೆ ಕರೆಂಟ್ ಬೇಕು, ಅಷ್ಟು ಕೊಡೋಕಾಗದೆ ಅದು ತಾನಾಗೇ ಬ್ರೈಟ್‌ನೆಸ್ ಇಳಿಸಿಕೊಳ್ಳುತ್ತೆ, ಹಿಮ ಬೂದು ಬಣ್ಣಕ್ಕೆ ತಿರುಗುತ್ತೆ. ಎಲ್‌ಇಡಿಯಲ್ಲಿ ಅದೇ ಹಿಮ ಕಣ್ಣು ಕೋರೈಸ್ತಾ ಇತ್ತು. ಪ್ಲಗ್ ಮೀಟರ್ ಹಾಕಿ ನೋಡಿದೆ, ಪ್ಲಾಸ್ಮಾ ಕತ್ತಲೆ ಸೀನಲ್ಲಿ 110 ವ್ಯಾಟ್ ಇದ್ದಿದ್ದು ಹಿಮಕ್ಕೆ 290 ದಾಟ್ತು, ತಮ್ಮನ ಟಿವಿ ಏನೇ ತೋರಿಸಿದ್ರೂ 80ರ ಆಸುಪಾಸು. ಹತ್ತಿರ ನಿಂತ್ರೆ ಗ್ಲಾಸಿನ ಬಿಸಿ ಮುಖಕ್ಕೆ ಹೊಡೆಯುತ್ತೆ. ಕೆಳಗಡೆ ಅಮ್ಮ ವರ್ಷಗಟ್ಟಲೆ ನೋಡಿದ ನ್ಯೂಸ್ ಚಾನೆಲ್‌ನ ಪಟ್ಟಿ ತೆಳ್ಳಗೆ ಅಚ್ಚಾಗಿ ಕೂತಿರೋದೂ ಆ ಬಿಳಿಯಲ್ಲಿ ಕಾಣಿಸ್ತು. ಓಎಲ್‌ಇಡಿಗೂ ಈ ಬರ್ನ್ ಇನ್ ಕಾಟ ಇದೆ, ಅಮ್ಮನಿಗೆ ಅದನ್ನ ಮೊದಲೇ ಹೇಳಿಟ್ಟಿದೀನಿ.

ಆ ಹಿಮ ನೋಡ್ತಾ ನನಗೆ 2012ರ ಶೋರೂಮ್ ನೆನಪಾಯ್ತು. ಮೇಲೆ ಸಾಲಾಗಿ ಉರಿಯೋ ದೀಪಗಳು, ಗೋಡೆ ತುಂಬ ಎಲ್‌ಇಡಿ ಟಿವಿಗಳು ಫಳಫಳ ಅಂತಿದಾವೆ, ಮೂಲೇಲಿ ಒಂದೇ ಒಂದು ಪ್ಲಾಸ್ಮಾ, ಅದರ ಗ್ಲಾಸಲ್ಲಿ ದೀಪಗಳ ಪ್ರತಿಬಿಂಬನೇ ಜಾಸ್ತಿ. "ಸಾರ್ ಅದು ಬೇಡ, ಕರೆಂಟ್ ಜಾಸ್ತಿ, ಬಿಸಿ ಜಾಸ್ತಿ" ಅಂದ ಸೇಲ್ಸ್‌ನ ಹುಡುಗ. ಒಂದೇ ನಿಮಿಷ ಆ ಮೂಲೆ ಲೈಟ್ ಆಫ್ ಮಾಡಪ್ಪ ಅಂತ ಕೇಳ್ಕೊಂಡೆ. ಮಾಡಿದ. ಆಮೇಲೆ ನನ್ನ ಕಣ್ಣು ಬೇರೆ ಟಿವಿ ಕಡೆ ಹೋಗಲಿಲ್ಲ. ಪ್ಲಾಸ್ಮಾಗೆ ಆಗಿದ್ದ ಅನ್ಯಾಯ ಇದೇ ಅಂತ ನಾನು ಇವತ್ತಿಗೂ ನಂಬಿದೀನಿ, ಟಿವಿ ನೋಡೋದು ಮನೇಲಿ ರಾತ್ರಿ ಹೊತ್ತು, ಆರಿಸೋದು ಮಾತ್ರ ಅಂಗಡಿ ಬೆಳಕಲ್ಲಿ, ಆ ಬೆಳಕಲ್ಲಿ ಅದು ಯಾವತ್ತೂ ಗೆಲ್ಲೋಕಾಗ್ತಿರಲಿಲ್ಲ.

ಅಂಗಡಿ ಒಂದೇ ಕಾರಣ ಅಂತ ಹೇಳಿದ್ರೂ ತಪ್ಪಾಗುತ್ತೆ. ಮೊದಲು ದೊಡ್ಡ ಸ್ಕ್ರೀನ್ ಬೇಕು ಅಂದ್ರೆ ಪ್ಲಾಸ್ಮಾನೇ ಗತಿ ಅನ್ನೋ ಕಾಲ ಇತ್ತು, ಎಲ್‌ಸಿಡಿ ಫ್ಯಾಕ್ಟರಿಗಳು ದೊಡ್ಡ ದೊಡ್ಡ ಗ್ಲಾಸ್ ಹಾಳೆ ಮಾಡೋಕೆ ಶುರು ಮಾಡಿದ ಮೇಲೆ ಆ ಒಂದು ಅನುಕೂಲವೂ ಕೈತಪ್ಪಿತು. ಗೂಡು ಚಿಕ್ಕದಾದಷ್ಟೂ ಬೆಳಕು ಕಮ್ಮಿ, ಅದಕ್ಕೇ 42 ಇಂಚಿನ ಎಷ್ಟೋ ಪ್ಲಾಸ್ಮಾಗಳು 1024ಕ್ಕೆ 768 ಚುಕ್ಕಿಯಲ್ಲೇ ನಿಂತವು, ಮನೆ ಸೈಜಿನ ಟಿವಿಗೆ 4ಕೆ ಅಂದಾಗ ಇದಕ್ಕೆ ದಾರಿನೇ ಇರಲಿಲ್ಲ. ಪಯೋನಿಯರ್ 2009ರಲ್ಲಿ ಟಿವಿ ಬಿಡ್ತೀವಿ ಅಂತು. ಪ್ಯಾನಾಸೋನಿಕ್ 2013ರಲ್ಲಿ ಝಡ್‌ಟಿ60 ಅಂತ ತನ್ನ ಅತ್ಯುತ್ತಮ ಪ್ಲಾಸ್ಮಾ ತಂದು ಅದೇ ಡಿಸೆಂಬರ್‌ಗೆ ತಯಾರಿಕೆ ನಿಲ್ಲಿಸ್ತು, ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ. ಒಂದು ವಸ್ತು ತನ್ನ ಅತಿ ಒಳ್ಳೇ ರೂಪಕ್ಕೆ ಬಂದ ವರ್ಷಾನೇ ಅದನ್ನ ಮಾಡೋ ಕೈಗಳಿಗೆ ಕೆಲಸ ಇಲ್ಲದಾಗಿದ್ದು ಓದಿ ನನಗೆ ನಿಜವಾಗ್ಲೂ ಬೇಜಾರಾಯ್ತು.

ರಾತ್ರಿ ಒಂದೂವರೆ ಆಗಿತ್ತು. ಕೊನೆಗೆ ಒಂದು ಹಳೇ ಸಿನಿಮಾ ಹಾಕಿದ್ವಿ, ಮುಖಗಳ ಕ್ಲೋಸಪ್ ಬಂದಾಗ ಪ್ಲಾಸ್ಮಾದ ಚರ್ಮದ ಬಣ್ಣ, ಆ ಸಣ್ಣ ಮರಳಿನಂಥ ಗ್ರೇನ್, ನಾನು ಇನ್ನೆರಡು ಟಿವಿ ಆಫ್ ಮಾಡ್ಬಿಟ್ಟೆ. ತಮ್ಮ ಏನೂ ಹೇಳದೆ ಪೂರ್ತಿ ಸಿನಿಮಾ ನೋಡಿದ.

ಮರುದಿನ ಓಎಲ್‌ಇಡಿ ಹಾಲಿನ ಗೋಡೆ ಏರ್ತು, ಹಗಲು ಬೆಳಕು ಬೀಳೋ ಜಾಗ ಅದು, ಅಲ್ಲಿ ಅದೇ ಸರಿ. ಪ್ಲಾಸ್ಮಾನ ಒಳಗಿನ ಕತ್ತಲೆ ರೂಮಿಗೆ ಸಾಗಿಸಿದ್ವಿ, ಅಡ್ಡ ಮಲಗಿಸಬೇಡಿ ಗ್ಲಾಸ್ ತಡಿಯಲ್ಲ ಅಂತ ಮೆಕ್ಯಾನಿಕ್ ಹೇಳಿದ್ರು, ಆ ಭಾರಾನ ಇಬ್ಬರೂ ನೆಟ್ಟಗೆ ಹಿಡ್ಕೊಂಡು, ಬಾಗಿಲ ಹತ್ರ ಉಸಿರು ಬಿಗಿಹಿಡಿದು ತಿರುಗಿಸಿ, ನಿಧಾನಕ್ಕೆ ಮೇಜಿನ ಮೇಲೆ ಇಳಿಸಿದ್ವಿ. ಇನ್ನೊಂದು ಒಡೆದ ಸೆಟ್ ಬಂದ್ರೆ ಬೋರ್ಡ್‌ಗಳನ್ನ ಬಿಚ್ಚಿ ನಿಮಗೇ ಎತ್ತಿಡ್ತೀನಿ ಅಂದಿದಾರೆ ಅವರು. ತಿಂಗಳಿಗೊಂದು ಸಲ ಫೋನ್ ಮಾಡಿ ಕೇಳ್ತಾ ಇದೀನಿ.