ಬೆಂಟ್ಲಿ ಪ್ರಯರಿಯ ಮೂರು ಬಣ್ಣದ ಗಡಿಯಾರ

ಲಂಡನ್ನಿನ ವಾಯವ್ಯಕ್ಕೆ, ಸ್ಟ್ಯಾನ್ಮೋರ್ ಬಳಿಯ ಬೆಂಟ್ಲಿ ಪ್ರಯರಿ. 1788ರಲ್ಲಿ ವಾಸ್ತುಶಿಲ್ಪಿ ಜಾನ್ ಸೋನ್ ವಿಸ್ತರಿಸಿದ ಬಂಗಲೆ, ರಾಣಿ ಅಡಿಲೇಡ್ 1849ರಲ್ಲಿ ಕಣ್ಣುಮುಚ್ಚಿದ ಮನೆ. ನಡುವೆ ಹೋಟೆಲ್ಲೂ ಆಯಿತು, ಹೆಣ್ಣುಮಕ್ಕಳ ಶಾಲೆಯೂ ಆಯಿತು. 1936ರಲ್ಲಿ ಹ್ಯೂ ಡೌಡಿಂಗ್ ತಮ್ಮ ಮುಂದಾಳತ್ವದ ಫೈಟರ್ ಕಮಾಂಡಿನ, ಅಂದರೆ ಬ್ರಿಟಿಷ್ ವಾಯುಪಡೆಯ ಯುದ್ಧವಿಮಾನ ವಿಭಾಗದ, ಕಚೇರಿ ಹೂಡಿದ್ದು ಇಲ್ಲೇ.

ಇಲ್ಲಿನ ನಿಜವಾದ ಜಾಣತನ, ರೇಡಾರ್ ಸುದ್ದಿಗಳನ್ನು ಸೋಸಿ ನಕ್ಷೆಗೆ ಇಳಿಸುತ್ತಿದ್ದ ಫಿಲ್ಟರ್ ರೂಮಿನದು. ಕರಾವಳಿಯುದ್ದಕ್ಕೂ ಇದ್ದ ಚೈನ್ ಹೋಮ್ ಎಂಬ ರೇಡಾರ್ ಠಾಣೆಗಳ ಸಾಲು ವಿಮಾನದ ದೂರವನ್ನು ಚೆನ್ನಾಗಿ ಹೇಳುತ್ತಿತ್ತು, ದಿಕ್ಕಿನಲ್ಲಿ ಎಡವುತ್ತಿತ್ತು. ಹಾಗಾಗಿ ಅಕ್ಕಪಕ್ಕದ ಎರಡು ಠಾಣೆಗಳು ಫೋನಿನಲ್ಲಿ ಕೊಟ್ಟ ದೂರಗಳನ್ನು ನಕ್ಷೆಯ ಮೇಲೆ ಕಮಾನಿನಂತೆ ಎಳೆದು, ಅವು ಕೂಡುವ ಜಾಗವನ್ನೇ ನಂಬುತ್ತಿದ್ದರು. ಎತ್ತರದ ಲೆಕ್ಕವಂತೂ ಅರ್ಧ ಅನುಭವ, ಅರ್ಧ ಊಹೆ. ರೇಡಾರ್ ನೋಡುತ್ತಿದ್ದುದು ಸಮುದ್ರದ ಕಡೆಗೆ; ವಿಮಾನ ನೆಲದ ಮೇಲೆ ಬಂತೆಂದರೆ ನೆಲದಿಂದ ಆಕಾಶ ಕಾಯುತ್ತಿದ್ದ ವೀಕ್ಷಕರ ಪಡೆ ಅಬ್ಸರ್ವರ್ ಕೋರಿನವರ ಕಣ್ಣು ಕಿವಿಯೇ ಗತಿ.

ಇನ್ನು ಗೋಡೆಯ ಗಡಿಯಾರ. ಪ್ರತಿ 5 ನಿಮಿಷಕ್ಕೊಂದು ಬಣ್ಣ: ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು. ನಿಮಿಷದ ಮುಳ್ಳು ಯಾವ ಬಣ್ಣದಲ್ಲಿದೆಯೋ ವಿಮಾನದ ಜಾಗ ತೋರಿಸಲು ನಕ್ಷೆಯ ಮೇಜಿನ ಮೇಲೆ ಅದೇ ಬಣ್ಣದ ಬಾಣ. ಹಳೆಯ ಬಣ್ಣ ಕಂಡರೆ ಸುದ್ದಿ ಹಳಸಿದೆ ಎಂದರ್ಥ. ಫೋನಿನ ನೋಟಿಫಿಕೇಶನ್ನಿಗೂ ಹೀಗೊಂದು ಬಣ್ಣ ಇದ್ದಿದ್ದರೆ!

ವ್ಯವಸ್ಥೆ ಎಡವಿದ್ದೂ ಉಂಟು. ಎರಡನೇ ಮಹಾಯುದ್ಧದ ಆರಂಭದಲ್ಲೇ, 1939ರ ಸೆಪ್ಟೆಂಬರ್ 6ರಂದು, ತಮ್ಮ ಯುದ್ಧವಿಮಾನಗಳನ್ನೇ ಶತ್ರುವಿನವು ಎಂದು ಗುರುತಿಸಿ, ಬ್ರಿಟನ್ನಿನವೇ ಆದ ಸ್ಪಿಟ್‌ಫೈರ್‌ಗಳು ಎರಡು ಹರಿಕೇನ್‌ಗಳನ್ನು ಉರುಳಿಸಿದವು.

2008ರಲ್ಲಿ ವಾಯುಪಡೆ ಹೊರಟಿತು. 2013ರಿಂದ ಮ್ಯೂಸಿಯಂ, ಸುತ್ತ ದುಬಾರಿ ಫ್ಲಾಟುಗಳು.