ಐರ್ಲೆಂಡಿನ ಇತಿಹಾಸ ಸಂಘಕ್ಕೆ ನಾವೂ ಸೇರಬಹುದೇ?

ಡಬ್ಲಿನ್, ಕಾರ್ಕ್ ಕಡೆ ನೆಲೆಸಿರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಇಲ್ಲಿನ ಪರಂಪರೆ ಸಂಘಗಳಿಗೆ ಹೊರಗಿನಿಂದ ಬಂದ ನಾವು ಸೇರಬಹುದಾ? ಸೇರಿ ಮಾಡೋದೇನು?"

ಧಾರಾಳವಾಗಿ ಸೇರಬಹುದು. ಊರೂರಿನ ಇತಿಹಾಸ ಸಂಘಗಳಲ್ಲಿ ಪೌರತ್ವ, ಮನೆತನ ಯಾರೂ ಕೇಳುವುದಿಲ್ಲ. ಕಾರ್ಕ್ ಮತ್ತು ಕಿಲ್ಡೇರ್ ಕೌಂಟಿಗಳ (ಜಿಲ್ಲೆಗಳ) ಸಂಘಗಳು 1891ರಲ್ಲಿ, ಗಾಲ್ವೇಯದು 1900ರಲ್ಲಿ ಹುಟ್ಟಿದವು. ಚಂದಾ ಕಟ್ಟಿದರೆ ವಾರ್ಷಿಕ ಸಂಚಿಕೆ, ಚಳಿಗಾಲದಲ್ಲಿ ಉಪನ್ಯಾಸ, ಬೇಸಿಗೆಯಲ್ಲಿ ಸ್ಥಳ ಭೇಟಿ. ಹಣ ಕಟ್ಟುವ ಮೊದಲು ಆಗಸ್ಟ್ ತಿಂಗಳ ಹೆರಿಟೇಜ್ ವೀಕ್‌ನಲ್ಲಿ ಒಂದೆರಡು ಕಾರ್ಯಕ್ರಮ ನೋಡಿ ಬನ್ನಿ.

ಆದರೆ ಸಂಘಕ್ಕೆ ಬೇಕಿರುವುದು ಚಂದಾಕ್ಕಿಂತ ಹೆಚ್ಚಾಗಿ ಕೈಗಳು, ಅದರಲ್ಲೂ ಹಳೆಯ ಸ್ಮಶಾನಗಳ ಸಮಾಧಿ ಕಲ್ಲುಗಳನ್ನು ಓದಿ ಬರೆದಿಡುವುದಕ್ಕೆ. 1922ರಲ್ಲಿ ಡಬ್ಲಿನ್ನಿನ ನ್ಯಾಯಾಲಯ ಸಮುಚ್ಚಯ ಫೋರ್ ಕೋರ್ಟ್ಸ್‌ನ ದಾಖಲೆ ಕಚೇರಿ ಸುಟ್ಟಾಗ 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಬೂದಿಯಾಯಿತು. 1861ರಿಂದ 1891ರವರೆಗಿನದನ್ನು ಸರ್ಕಾರವೇ ಮೊದಲೇ ನಾಶಮಾಡಿತ್ತು. ಎಲ್ಲರ ಜನನ, ಮರಣ ನೋಂದಣಿ ಶುರುವಾದದ್ದೇ 1864ರಲ್ಲಿ. ಹಾಗಾಗಿ ಅದಕ್ಕೂ ಹಿಂದೆ ತೀರಿಕೊಂಡವರ ಹೆಸರು ಕಲ್ಲಿನ ಮೇಲೆ ಮಾತ್ರ ಉಳಿದಿರುವುದುಂಟು.

ಉತ್ಸಾಹದಲ್ಲಿ ಕತ್ತಿ ಹಿಡಿದು ನುಗ್ಗಬೇಡಿ. ಸ್ಮಶಾನ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದ್ದರೆ ರಾಷ್ಟ್ರೀಯ ಸ್ಮಾರಕಗಳ ಕಾಯ್ದೆಯ 1994ರ ತಿದ್ದುಪಡಿಯ ಪ್ರಕಾರ ಕೆಲಸಕ್ಕೆ ಎರಡು ತಿಂಗಳು ಮೊದಲೇ ಸರ್ಕಾರಕ್ಕೆ ಲಿಖಿತವಾಗಿ ತಿಳಿಸಬೇಕು. ಅದರ ಬದಲಿಗೆ ಬಂದ 2023ರ ಹೊಸ ಕಾಯ್ದೆ ಹಂತಹಂತವಾಗಿ ಜಾರಿಗೆ ಬರುತ್ತಿರುವುದರಿಂದ ಕೌಂಟಿಯ ಹೆರಿಟೇಜ್ ಆಫೀಸರನ್ನು ಕೇಳಿಯೇ ಹೊರಡಿ. ಹಕ್ಕಿ ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ, ಪೊದೆ ಕಡಿಯುವುದಕ್ಕೆ ನಿಷೇಧವಿದೆ.

ಹುಲ್ಲು ಕತ್ತರಿಸುವ ಮೊದಲು ಜಾಗವನ್ನೆಲ್ಲ ನಡೆದು, ಹುಲ್ಲಿನಲ್ಲಿ ಅಡಗಿದ ಗಿಡ್ಡ ಕಲ್ಲುಗಳ ಪಕ್ಕ ಬಿದಿರು ಕಡ್ಡಿ ನೆಡಿ. ಅಕ್ಷರವೇ ಇಲ್ಲದ ಒರಟು ಕಲ್ಲೂ ಯಾರದೋ ಸಮಾಧಿಯ ಗುರುತು. ಹಾದಿಗೆ ಅಡ್ಡವೆಂದು ಎತ್ತಿಟ್ಟರೆ ಆ ಗುರುತು ಹೋದಂತೆಯೇ. ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರ ಮೆತ್ತನೆಯ ಕಲ್ಲಿನ ಬುಡವನ್ನು ಕೊರೆಯುತ್ತದೆ, ಕಲ್ಲಿನ ಸುತ್ತ ಕೈಕತ್ತರಿಯೇ ಸರಿ. ಕಳೆನಾಶಕ ಹೊಡೆದರೆ ಬೇರು ಸತ್ತು, ಮಣ್ಣು ಸಡಿಲವಾಗಿ ಕಲ್ಲು ವಾಲುತ್ತದೆ. ಗೋಡೆಯ ಐವಿ ಬಳ್ಳಿಯನ್ನಂತೂ ಎಳೆಯಲೇಬೇಡಿ: ಬೇರು ಸುಣ್ಣದ ಗಾರೆಯೊಳಗೆ ಹೊಕ್ಕಿರುತ್ತದೆ, ಬಳ್ಳಿಯ ಜೊತೆ ಗೋಡೆಯೂ ಬರುತ್ತದೆ.

ಅಕ್ಷರ ಕಾಣದಿದ್ದರೆ ತಂತಿ ಬ್ರಷ್, ಬ್ಲೀಚ್, ಸೀಮೆಸುಣ್ಣ ಯಾವುದೂ ಬೇಡ. ಕಲ್ಲುಹೂವನ್ನು ಕೆರೆದರೆ ಅದರಡಿಯ ಅಕ್ಷರವೂ ಉದುರಬಹುದು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಲ್ಲಿ ಹಿಡಿದು, ಬೆಳಕು ಅದರ ಮೈ ಸವರಿ ಹೋಗುವಂತೆ ಬಿಡಿ. ಎದುರಿನಿಂದ ನೋಡಿದರೆ ಬೋಳಾಗಿ ಕಾಣುವ ಕಲ್ಲಿನಲ್ಲಿ ನೆರಳು ಕೂತು ಸಾಲುಗಳು ಎದ್ದು ಬರುತ್ತವೆ. (ನಮ್ಮೂರ ಸವೆದ ವೀರಗಲ್ಲಿಗೂ ಇದೇ ಉಪಾಯ ನಡೆಯುತ್ತದೆ.) ಹಗಲಿನಲ್ಲಾದರೆ ಕನ್ನಡಿಯಿಂದ ಬಿಸಿಲನ್ನು ಅಡ್ಡಡ್ಡ ಹಾಯಿಸಿ.

ಹೊಸಬರು ಎಡವುವುದು ಹೆಚ್ಚಾಗಿ ಎರಡು ಕಡೆ. "ಎರೆಕ್ಟೆಡ್ ಬೈ" ಎಂದು ಶುರುವಾದರೆ ಆ ಹೆಸರು ಕಲ್ಲು ಹಾಕಿಸಿದವರದು, ಸತ್ತವರದು ಮುಂದಿನ ಸಾಲುಗಳಲ್ಲಿರುತ್ತದೆ. ಹೆಂಗಸಿನ ಹೆಸರಾದ ಮೇಲೆ "ಏಲಿಯಾಸ್" ಬಂದರೆ ಅದರ ನಂತರದ್ದು ಸಾಮಾನ್ಯವಾಗಿ ತವರುಮನೆಯ ಹೆಸರು. ವಂಶಾವಳಿ ಹುಡುಕುವವರಿಗೆ ಅದಕ್ಕಿಂತ ಬೆಲೆಬಾಳುವ ಪದ ಆ ಕಲ್ಲಿನಲ್ಲಿ ಬೇರೆ ಇರುವುದಿಲ್ಲ.

ಕಾಗುಣಿತ ತಪ್ಪಿದ್ದರೂ ತಿದ್ದದೆ ಇದ್ದಂತೆಯೇ ಇಳಿಸಿಕೊಳ್ಳಿ. ಓದಲಾಗದ ಕಡೆ ಊಹಿಸದೆ ಚೌಕ ಆವರಣದಲ್ಲಿ ಚುಕ್ಕಿ ಇಡಿ. ಪ್ರತಿ ಕಲ್ಲಿಗೆ ನಕ್ಷೆಯಲ್ಲಿ ಒಂದು ಸಂಖ್ಯೆ ಕೊಟ್ಟು, ಫೋಟೋಗೂ ಬರಹಕ್ಕೂ ಅದೇ ಸಂಖ್ಯೆ ಹಾಕಿ, ಓದಿದ ದಿನಾಂಕವನ್ನೂ ಬರೆಯಿರಿ. ಇನ್ನೊಬ್ಬ ಸದಸ್ಯರು ಕಲ್ಲಿನ ಮುಂದೆಯೇ ನಿಂತು ತಾಳೆ ನೋಡಿದ ಮೇಲೆ ಒಂದು ಪ್ರತಿ ಸಂಘಕ್ಕೆ, ಇನ್ನೊಂದು ಕೌಂಟಿ ಗ್ರಂಥಾಲಯದ ಸ್ಥಳೀಯ ಅಧ್ಯಯನ ವಿಭಾಗಕ್ಕೆ ಕೊಡಿ.